ಲಾಘವವೂ ರಕ್ಷಣೆಯೂ

ಮದುವೆ ಮುಗಿದ ಮನೆಯಲ್ಲಿ ಈಗಿನ ಕಾಲಕ್ಕೆ ನಡೆಯುವ ಕಟ್ಟಕಡೆಯ ಕಾರ್ಯವೊಂದುಂಟು. ನೆಂಟರು ಹೊರಟುಹೋಗಿದ್ದಾರೆ, ಚಪ್ಪರವನ್ನು ಇನ್ನೂ ಬಿಚ್ಚಿಲ್ಲ. ಸಾಗರದ ಕಡೆಯ ದೀವರ ಮನೆಯಾದರೆ, ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಲ್ಲಿ ಹೆಂಗಸರು ಬರೆದ ಹಸೆಚಿತ್ತಾರ ಇನ್ನೂ ಮಾಸದೆ ಇದೆ. ಮನೆಯ ಹುಡುಗನೊಬ್ಬನು ಮೊಬೈಲನ್ನು ಹಿಡಿದು ಜಗಲಿಯಲ್ಲಿ ಕುಳಿತು, ಬರಲಾರದೆ ಹೋದ ಬಂಧುಗಳಿಗೆ ಚಿತ್ರಗಳನ್ನು ಕಳುಹಿಸಲು ಯತ್ನಿಸುತ್ತಾನೆ. ಚಿತ್ರಗಳು ದೊಡ್ಡವು, ಗುಡ್ಡಗಳ ನಡುವಣ ಸಂಪರ್ಕ ದುರ್ಬಲ. ಅವನು ಚಿತ್ರಗಳ ಗಾತ್ರವನ್ನು ಇಳಿಸುತ್ತಾನೆ. ಇಲ್ಲವೆ, ಅವನನ್ನು ಕೇಳದೆ ಯಂತ್ರವೇ ಇಳಿಸಿಬಿಡುತ್ತದೆ. ಚಿತ್ರಗಳು ಹೋಗಿ ಸೇರುತ್ತವೆ, ನೋಡಿದವರು ಸಂತೋಷಪಡುತ್ತಾರೆ. ಕೆಲವು ತಿಂಗಳ ತರುವಾಯ ಮೊಬೈಲಿನಲ್ಲಿ ಎಡೆ ಸಾಲದಾದಾಗ ಮೂಲದ ಚಿತ್ರಗಳನ್ನು ಅಳಿಸಿಹಾಕುತ್ತಾರೆ. “ಹೇಗೂ ಎಲ್ಲರ ಬಳಿಯಲ್ಲಿಯೂ ಇವೆಯಲ್ಲ” ಎಂಬುದು ಆಗಿನ ಸಮಾಧಾನ.

ಎಲ್ಲರ ಬಳಿಯಲ್ಲಿಯೂ ಇರುವುದೇನು? ಹಂಚುವುದಕ್ಕಾಗಿ ಒಂದು ವಸ್ತುವನ್ನು ಕಿರಿದು ಮಾಡುವುದು ಉಚಿತವೋ ಅನುಚಿತವೋ? ಉಚಿತವಾದರೆ ಎಲ್ಲಿಯವರೆಗೆ ಉಚಿತ? ಚಿತ್ರ, ಧ್ವನಿ, ಚಲಚ್ಚಿತ್ರಗಳ ಡಿಜಿಟಲ್ ಕಡತಗಳನ್ನು ಕುಗ್ಗಿಸುವ ಕೆಲಸ ದಿನಕ್ಕೆ ಹತ್ತು ಬಾರಿ ನಡೆಯುತ್ತಿದ್ದರೂ, ಇದರಲ್ಲಿ ಧರ್ಮದ ಪ್ರಶ್ನೆಯೊಂದು ಅಡಗಿದೆಯೆಂಬುದು ಬಹುಮಂದಿಯ ಮನಸ್ಸಿಗೆ ಬಂದಂತಿಲ್ಲ. ಆದುದರಿಂದ ಇದನ್ನು ಸ್ವಲ್ಪ ವಿಚಾರಿಸಿ ನೋಡುವುದು ಯುಕ್ತ.

ಮೊದಲು ಸಂಕೋಚವೆಂದರೇನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಅದರಲ್ಲಿ ಎರಡು ಬಗೆಗಳುಂಟು. ಮೊದಲನೆಯದರಲ್ಲಿ ಏನೂ ನಷ್ಟವಾಗುವುದಿಲ್ಲ. ಇದರ ಸ್ವರೂಪವು ಪಾಣಿನಿಯ ವ್ಯಾಕರಣವನ್ನು ಓದಿದವರಿಗೆ ಸುಲಭವಾಗಿ ತಿಳಿಯುವುದು. ಹದಿನಾಲ್ಕು ಮಾಹೇಶ್ವರ ಸೂತ್ರಗಳಲ್ಲಿ ವರ್ಣಗಳನ್ನೆಲ್ಲ ಒಂದು ಕ್ರಮದಲ್ಲಿ ಜೋಡಿಸಿಟ್ಟು, ಸ್ವರಗಳೆಲ್ಲವನ್ನೂ ‘ಅಚ್’ ಎಂಬ ಒಂದೇ ಅಕ್ಷರಪುಂಜದಿಂದ, ವ್ಯಂಜನಗಳೆಲ್ಲವನ್ನೂ ‘ಹಲ್’ ಎಂಬುದರಿಂದ ಹೇಳುವುದು ಅಲ್ಲಿನ ರೀತಿ. ಒಂದು ಸೂತ್ರದಲ್ಲಿ ಬಂದ ಪದವನ್ನು ಮುಂದಿನ ಸೂತ್ರಗಳಲ್ಲಿ ಮತ್ತೆ ಹೇಳದೆ, ಹಿಂದಿನಿಂದ ಅನುವೃತ್ತಿಯಾಗಿ ತಂದುಕೊಳ್ಳುವುದು ಇನ್ನೊಂದು ರೀತಿ. ಈ ಎರಡು ಉಪಾಯಗಳಿಂದ ಒಂದು ಭಾಷೆಯ ವ್ಯವಸ್ಥೆಯೆಲ್ಲವೂ ನಾಲ್ಕು ಸಾವಿರಕ್ಕೆ ಸಮೀಪವಾದ ಸೂತ್ರಗಳಲ್ಲಿ ಅಡಗಿತು. ಬಿಡಿಸಬಲ್ಲವನಿಗೆ ಒಂದು ವರ್ಣವೂ ಕಳೆದುಹೋಗಿಲ್ಲ. ಗಣಕಯಂತ್ರದ ವಿದ್ವಾಂಸರು ಕಂಡುಕೊಂಡ ದಾರಿಯೂ ಇದಕ್ಕೆ ದೂರವಾದುದಲ್ಲ. 1952ರಲ್ಲಿ ಡೇವಿಡ್ ಹಫ್‌ಮನ್ ಎಂಬುವರು ಹೆಚ್ಚಾಗಿ ಬರುವ ಚಿಹ್ನೆಗೆ ಚಿಕ್ಕ ಸಂಕೇತವನ್ನೂ ಅಪರೂಪದ ಚಿಹ್ನೆಗೆ ಉದ್ದವಾದ ಸಂಕೇತವನ್ನೂ ಕೊಡುವ ಕ್ರಮವನ್ನು ಪ್ರಕಟಿಸಿದರು. 1977ರಲ್ಲಿ ಲೆಂಪೆಲ್ ಮತ್ತು ಜಿವ್ ಎಂಬಿಬ್ಬರು, ಹಿಂದೆ ಬಂದ ಭಾಗವೇ ಮರಳಿ ಬಂದರೆ ಅದನ್ನು ಪುನಃ ಬರೆಯದೆ, ‘ಇಷ್ಟು ಹಿಂದಕ್ಕೆ ಹೋಗಿ ಇಷ್ಟನ್ನು ತೆಗೆದುಕೊ’ ಎಂದು ಸೂಚಿಸಿದರೆ ಸಾಕೆಂದು ತೋರಿಸಿದರು. ಅನುವೃತ್ತಿಯೆಂದರೆ ಇದೇ ಅಲ್ಲವೆ? ಇಂದಿನ ಜಿಪ್ ಕಡತಗಳು ಈ ಎರಡು ಉಪಾಯಗಳನ್ನೂ ಬಳಸುತ್ತವೆ. ಬಿಚ್ಚಿದಾಗ ಮೂಲವು ಒಂದು ಬಿಂದುವೂ ವ್ಯತ್ಯಾಸವಿಲ್ಲದೆ ಹೊರಬರುತ್ತದೆ. ಇಂತಹ ಸಂಕೋಚದ ವಿಷಯದಲ್ಲಿ ಧರ್ಮಸಂಶಯಕ್ಕೆ ಎಡೆಯೇ ಇಲ್ಲ.

ಸಂಶಯವಿರುವುದು ಎರಡನೆಯ ಬಗೆಯಲ್ಲಿ. ಛಾಯಾಚಿತ್ರ, ಸಂಗೀತ ಮೊದಲಾದವುಗಳಲ್ಲಿ ಮರಳಿ ಮರಳಿ ಬರುವ ಭಾಗಗಳು ಕಡಮೆಯಾದುದರಿಂದ, ನಷ್ಟವಿಲ್ಲದೆ ಅವನ್ನು ಬಹಳ ಕುಗ್ಗಿಸುವುದು ಸಾಧ್ಯವಿಲ್ಲ. ಅಲ್ಲಿ ಏನನ್ನಾದರೂ ಬಿಡಲೇಬೇಕು. ಏನನ್ನು ಬಿಡಬಹುದೆಂಬುದಕ್ಕೆ ಮಾರ್ಗವನ್ನು ತೆರೆದವರಲ್ಲಿ ಮುಖ್ಯರಾದವರು ಕರ್ಣಾಟಕದವರೇ ಎಂಬುದನ್ನು ವಾಚಕರು ಅರಿತಿರುವುದು ಒಳ್ಳೆಯದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಇಂಜಿನಿಯರಿಂಗ್ ವ್ಯಾಸಂಗ ಮಾಡಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಎಂಬುವರು, 1972ರಲ್ಲಿ ಒಂದು ಗಣಿತಕ್ರಮವನ್ನು ಯೋಚಿಸಿ ಸಂಶೋಧನೆಗೆ ಧನಸಹಾಯವನ್ನು ಬೇಡಿದರು. ವಿಷಯವು ತೀರ ಸರಳವೆಂಬ ಅಭಿಪ್ರಾಯದಿಂದ ಆ ಸಹಾಯವು ದೊರೆಯಲಿಲ್ಲ. ಅವರು ಕೆಲಸವನ್ನು ಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಅದನ್ನು ಪ್ರಕಟಿಸಿದರು. 1992ರಲ್ಲಿ ಸಿದ್ಧವಾದ ಜೆಪೆಗ್ ಎಂಬ ಚಿತ್ರಕ್ರಮಕ್ಕೆ ಅದೇ ಆಧಾರ. ಚಲಚ್ಚಿತ್ರಗಳನ್ನು ಕುಗ್ಗಿಸುವ ಕ್ರಮಗಳಿಗೂ, ಸ್ವಲ್ಪ ಮಾರ್ಪಾಟಿನಿಂದ ಎಂ.ಪಿ. 3 ಎಂಬ ಧ್ವನಿಕ್ರಮಕ್ಕೂ ಅದೇ ತಳಹದಿಯಾಯಿತು.

ಆ ಕ್ರಮವು ಹೀಗೆ. ಚಿತ್ರವನ್ನು ಎಂಟು ಬಿಂದು ಉದ್ದ, ಎಂಟು ಬಿಂದು ಅಗಲದ ಚಿಕ್ಕ ಚೌಕಗಳಾಗಿ ಸೀಳುವುದು. ಪ್ರತಿಯೊಂದು ಚೌಕದ 64 ಬಿಂದುಗಳನ್ನು, ಮೆಲ್ಲಗೆ ಬದಲಾಗುವ ಛಾಯೆಯಿಂದ ಮೊದಲುಗೊಂಡು ಬಿರುಸಾಗಿ ಬದಲಾಗುವ ಗೆರೆಗಳವರೆಗೆ, 64 ಅಂಶಗಳ ಮೊತ್ತವಾಗಿ ಬರೆಯುವುದು. ಇಷ್ಟರವರೆಗೆ ತತ್ತ್ವತಃ ಏನೂ ನಷ್ಟವಿಲ್ಲ. ತರುವಾಯ, ಕಣ್ಣು ಅಷ್ಟಾಗಿ ಗಮನಿಸದ ಬಿರುಸಾದ ಅಂಶಗಳನ್ನು ಸ್ಥೂಲವಾಗಿ ಎಣಿಸಿ, ಬಹಳವನ್ನು ಸೊನ್ನೆ ಮಾಡುವುದು. ಬಣ್ಣದ ವಿಷಯದಲ್ಲಿ ಕಣ್ಣು ಇನ್ನೂ ಉದಾರಿಯಾದುದರಿಂದ, ಅನೇಕ ವೇಳೆ ಬಣ್ಣದ ವಿವರಗಳಲ್ಲಿ ನಾಲ್ಕನೆಯ ಒಂದು ಪಾಲನ್ನು ಮಾತ್ರ ಇಟ್ಟುಕೊಳ್ಳುವುದು. ನಷ್ಟವು ಗಣಿತದಲ್ಲಿಲ್ಲ, ಆಯ್ಕೆಯಲ್ಲಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಆಯ್ಕೆಯಿರುವ ಕಡೆಯಲ್ಲಿಯೇ ಧರ್ಮಾಧರ್ಮಗಳ ವಿಚಾರವೂ ಹುಟ್ಟುವುದು.

ಗಾತ್ರದ ಲೆಕ್ಕವನ್ನೂ ನೋಡಬಹುದು. 4000 ಬಿಂದು ಉದ್ದ, 3000 ಬಿಂದು ಅಗಲದ ಒಂದು ಚಿತ್ರದಲ್ಲಿ 1 ಕೋಟಿ 20 ಲಕ್ಷ ಬಿಂದುಗಳು. ಬಿಂದುವಿಗೆ ಮೂರು ಬೈಟಿನಂತೆ 3 ಕೋಟಿ 60 ಲಕ್ಷ ಬೈಟುಗಳು. ಅದನ್ನು 1600 ಬಿಂದು ಉದ್ದ, 1200 ಬಿಂದು ಅಗಲಕ್ಕೆ ಇಳಿಸಿದರೆ ಉಳಿಯುವುದು 19 ಲಕ್ಷ 20 ಸಾವಿರ ಬಿಂದು, ಎಂದರೆ 25ರಲ್ಲಿ 4. ಧ್ವನಿಯಲ್ಲಿಯೂ ಹಾಗೆಯೇ. ಅಡಕಮುದ್ರಿಕೆಯ ಪ್ರಮಾಣದಲ್ಲಿ ಎಂಟು ಗಂಟೆಯ ಒಂದು ಯಕ್ಷಗಾನವನ್ನು ಹಿಡಿದಿಟ್ಟರೆ 500 ಕೋಟಿ ಬೈಟುಗಳಿಗೂ ಮಿಗಿಲಾಗುವುದು, ಸಾಮಾನ್ಯವಾದ ಎಂ.ಪಿ. 3 ಕ್ರಮದಲ್ಲಿ ಅದು 46 ಕೋಟಿಗೆ ಇಳಿಯುವುದು. ಹನ್ನೊಂದರಲ್ಲಿ ಹತ್ತು ಪಾಲು ಹೋದರೂ ಕೇಳುವವನಿಗೆ ಭಾಗವತರ ಪದ್ಯವು ಪದ್ಯವಾಗಿಯೇ ಕೇಳಿಸುವುದು. ಇದು ಸಾಮಾನ್ಯವಾದ ಸಾಧನೆಯಲ್ಲ.

ಆದುದರಿಂದ ಪೂರ್ವಪಕ್ಷವು ಬಲವಾಗಿಯೇ ಇದೆ. ಅದನ್ನು ಹೀಗೆ ಹೇಳಬಹುದು: “ಕಾಣದುದನ್ನೂ ಕೇಳಿಸದುದನ್ನೂ ಬಿಟ್ಟರೆ ಯಾರಿಗೆ ಏನು ಹಾನಿ? ಆಗುಂಬೆ, ಹುಲಿಕಲ್ಲಿನ ಮಳೆಯಲ್ಲಿ ವಿದ್ಯುತ್ತು ಹೋಗಿ, ಗೋಪುರಗಳು ಮೂಕವಾಗಿರುವಾಗ ದೊಡ್ಡ ಕಡತವನ್ನು ಕಳುಹಿಸುವುದು ಕಳುಹಿಸದೆ ಇರುವುದಕ್ಕೆ ಸಮಾನ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಂಪರ್ಕಕ್ಕಾಗಿ ಗುಡ್ಡವನ್ನು ಹತ್ತಿ, ಕೊಡೆಯ ಕೆಳಗೆ ಕುಳಿತು ಪಾಠ ಕೇಳಿದರು. ಆ ದಿನಗಳಲ್ಲಿ ಪಾಠವನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿ ಕಳುಹಿಸಿದ ಉಪಾಧ್ಯಾಯನು ಪುಣ್ಯವಂತನೋ, ಶುದ್ಧವಾದ ಮೂಲವೇ ಬೇಕೆಂದು ಹಟಹಿಡಿದವನೋ? ಮೇಲಾಗಿ ಛಾಯಾಚಿತ್ರವೆಂಬುದೇ ಒಂದು ಸಂಕೋಚ. ಅದರಲ್ಲಿ ಮದುವೆಮನೆಯ ಹೂವಿನ ಕಂಪೂ ಇಲ್ಲ, ಒಲೆಯ ಕಾವೂ ಇಲ್ಲ. ಸ್ಮೃತಿಯೂ ಹತ್ತನ್ನು ಮರೆತು ಒಂದನ್ನು ಹಿಡಿಯುತ್ತದೆ. ಹೀಗಿರಲು ಇನ್ನೊಂದು ಪಾಲು ಹೋದರೆ ಗೋಳಿಡುವುದೇಕೆ?”

ಈ ಮಾತಿನಲ್ಲಿ ಬಹುಭಾಗವನ್ನು ಒಪ್ಪಲೇಬೇಕು. ಪಡೆಯುವವನ ಶಕ್ತಿಯನ್ನು ತಿಳಿದು ಕೊಡುವುದು ದಾನದ ಲಕ್ಷಣ. ಬಡವನ ಮೊಬೈಲನ್ನು ತುಂಬಿಬಿಡುವ ಬೃಹತ್ತಾದ ಕಡತವು ಉಪಕಾರವಲ್ಲ, ಹೊರೆ. ಆದುದರಿಂದ ಕಿರಿದು ಮಾಡುವುದು ದೋಷವಲ್ಲ. ಅನೇಕ ವೇಳೆ ಅದು ದಯೆ. ಆದರೆ ಪೂರ್ವಪಕ್ಷಿಯು ಮೂರು ಸಂಗತಿಗಳನ್ನು ಮರೆತಿದ್ದಾನೆ.

ಮೊದಲನೆಯದಾಗಿ, ‘ಕಾಣದು’ ಎಂದರೆ ಯಾರಿಗೆ ಕಾಣದು? ಕುಗ್ಗಿಸುವ ಕ್ರಮಗಳೆಲ್ಲವೂ ಸಾಮಾನ್ಯ ಮನುಷ್ಯನ ಸಾಮಾನ್ಯ ನೋಟವನ್ನು ಪ್ರಮಾಣವಾಗಿಟ್ಟುಕೊಂಡಿವೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಗ್ರಂಥಗಳಿವೆ. ತಿಗಳಾರಿ ಲಿಪಿಯಲ್ಲಿ ಬರೆದವೂ ಅವುಗಳಲ್ಲಿವೆ. ಮಲೆನಾಡಿನ ಹಳೆಯ ಮನೆಗಳ ಅಟ್ಟಗಳಲ್ಲಿಯೂ ಅಂತಹ ಕಟ್ಟುಗಳು ಈಗಲೂ ಸಿಕ್ಕುವುದುಂಟು. ಗರಿಯ ಚಿತ್ರವನ್ನು ತೆಗೆದು, ಕುಗ್ಗಿಸಿ, ವಿದ್ವಾಂಸನೊಬ್ಬನಿಗೆ ಕಳುಹಿಸಿದರೆಂದು ಭಾವಿಸೋಣ. ಸಾಮಾನ್ಯ ದೃಷ್ಟಿಗೆ ಗರಿಯು ಗರಿಯಾಗಿಯೇ ಕಾಣುವುದು. ಆದರೆ ಓದುವವನಿಗೆ ಬೇಕಾದುದು ಸಾಸಿವೆಯಷ್ಟು ಚಿಕ್ಕದಾದ ಒಂದು ಚಿಹ್ನೆ. ಅದು ಅನುಸ್ವಾರವೋ, ಹುಳು ಕೊರೆದ ರಂಧ್ರವೋ? ಕುಗ್ಗಿದ ಚಿತ್ರದಲ್ಲಿ ಎರಡೂ ಒಂದೇ ಮಸುಕು. ಹಸೆಚಿತ್ತಾರದ ನೂಲಿನಂತಹ ಗೆರೆಗಳ ಪಾಡೂ ಅಷ್ಟೆ. ಅವು ಬಿರುಸಾಗಿ ಬದಲಾಗುವ ಅಂಶಗಳಾದುದರಿಂದ ಮೊದಲು ಬಲಿಯಾಗುವುದು ಅವೇ. ನೆಂಟನು ನೋಡಿ ಸಂತೋಷಪಟ್ಟ ಚಿತ್ರದಿಂದ, ಮೊಮ್ಮಗಳು ಮುಂದೊಂದು ದಿನ ಆ ಎಳೆಗಳನ್ನು ಎಣಿಸಿ ಗೋಡೆಯ ಮೇಲೆ ಮರಳಿ ಬರೆಯಲಾರಳು. ಚಂಡೆಯ ಪೆಟ್ಟನ್ನು ಅತಿಯಾಗಿ ಕುಗ್ಗಿಸಿದಲ್ಲಿ ಪೆಟ್ಟಿಗೆ ಮುಂಚೆಯೇ ಒಂದು ಸಣ್ಣ ಸದ್ದು ಹರಡಿಕೊಂಡು, ಅದರ ಮೊನೆಯೇ ಮೊಂಡಾಗುವುದು. ಕಥೆಯನ್ನು ಕೇಳುವವನಿಗೆ ಇದು ಗೊತ್ತಾಗದು; ಕಲಿಯುವವನಿಗೆ ಗೊತ್ತಾಗುವುದು. ಇಂದಿನ ಸಾಮಾನ್ಯನಿಗೆ ಬೇಡವಾದುದು ನಾಳೆಯ ವಿಶೇಷಜ್ಞನಿಗೆ ಸರ್ವಸ್ವವಾಗಬಹುದು. ಆ ನಾಳೆಯವನು ಇಂದು ಮಾತನಾಡಲಾರನು. ಅವನ ಪಾಲನ್ನು ಕೇಳುವವರಿಲ್ಲ.

ಎರಡನೆಯದಾಗಿ, ನಷ್ಟವು ಒಂದೇ ಬಾರಿಗೆ ನಿಲ್ಲುವುದಿಲ್ಲ. ಚಿಕ್ಕದಾದ ಚಿತ್ರವನ್ನು ಮತ್ತೊಬ್ಬನು ಕತ್ತರಿಸಿ ಉಳಿಸುತ್ತಾನೆ. ಮಗದೊಬ್ಬನು ಬೇರೊಂದು ದಾರಿಯಲ್ಲಿ ಕಳುಹಿಸುತ್ತಾನೆ. ಪ್ರತಿಯೊಂದು ಸಲವೂ ಉಳಿದುದರಲ್ಲಿಯೇ ಇನ್ನಷ್ಟು ಹೋಗಬಹುದು. ಇದು ಹಳೆಯ ಅನುಭವ. 1990ರಲ್ಲಿ ಅಕಾಲಮರಣವನ್ನು ಹೊಂದಿದ ಕಾಳಿಂಗ ನಾವಡರ ಭಾಗವತಿಕೆಯನ್ನು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು ಕೇಳಿದ ಮನೆಗಳು ಮಲೆನಾಡಿನಲ್ಲಿ ಎಷ್ಟಿಲ್ಲ! ಪ್ರತಿಯ ಪ್ರತಿಯನ್ನು ಪಡೆದವನಿಗೆ ದೊರೆತುದು ಸ್ವರಕ್ಕಿಂತ ಹೆಚ್ಚಾಗಿ ಸುಯ್ಗುಟ್ಟುವ ಸದ್ದು. ಆದರೆ ಆಗ ಆ ಸದ್ದೇ ‘ಇದು ಮೂಲವಲ್ಲ’ ಎಂದು ಸಾರುತ್ತಿತ್ತು. ಈಗಿನ ನಷ್ಟವು ಮೌನವಾದುದು.

ಮೂರನೆಯದು ಇದಕ್ಕಿಂತಲೂ ಗಂಭೀರವಾದುದು. ಮಸುಕಾದುದು ತನ್ನ ಅಜ್ಞಾನವನ್ನು ತಾನೇ ಒಪ್ಪಿಕೊಳ್ಳುತ್ತದೆ. ಆದರೆ ಸಂಕೋಚವು ಕೆಲವು ವೇಳೆ ಸ್ಪಷ್ಟವಾಗಿಯೇ ಸುಳ್ಳು ಹೇಳುವುದುಂಟು. 2013ರಲ್ಲಿ ಜರ್ಮನಿಯ ಗಣಕಶಾಸ್ತ್ರಜ್ಞರಾದ ಡೇವಿಡ್ ಕ್ರೀಸೆಲ್ ಎಂಬುವರು, ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ಯಂತ್ರದಲ್ಲಿ ಪ್ರತಿಮಾಡಿದಾಗ ಕೋಣೆಗಳ ಅಳತೆಯ ಅಂಕಿಗಳೇ ಬದಲಾಗಿದ್ದುದನ್ನು ಕಂಡುಹಿಡಿದರು. ಆ ಯಂತ್ರವು ಗಾತ್ರವನ್ನು ಉಳಿಸಲೆಂದು, ಒಂದನ್ನೊಂದು ಹೋಲುವ ಅಕ್ಷರಗಳಿಗೆಲ್ಲ ಒಂದೇ ಅಚ್ಚನ್ನು ಬಳಸುತ್ತಿತ್ತು. ಆರು ಇದ್ದಲ್ಲಿ ಎಂಟು ಬಂದು ಕುಳಿತುಕೊಳ್ಳಬಹುದಾಗಿತ್ತು. ಮಸುಕಿಲ್ಲ, ಕಲೆಯಿಲ್ಲ, ನಿಚ್ಚಳವಾದ ತಪ್ಪು. ಆ ದೋಷವನ್ನು ತರುವಾಯ ಸರಿಪಡಿಸಿದರು. ಆದರೆ ಅದು ಕಲಿಸಿದ ಪಾಠವು ಉಳಿದಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ಶರಾವತಿಯ ನೀರಿನಲ್ಲಿ ಮುಳುಗಿದವು. ಮನೆಮಠಗಳನ್ನು ಬಿಟ್ಟು ಹೊರಟ ಅನೇಕ ಕುಟುಂಬಗಳಿಗೆ ಭೂಮಿಯ ಹಕ್ಕಿನ ಪ್ರಶ್ನೆಯು ದಶಕಗಳು ಕಳೆದರೂ ಬಗೆಹರಿಯಲಿಲ್ಲ. ಅಂತಹ ಮನೆಗಳಲ್ಲಿ ಮಡಿಸಿ ಮಡಿಸಿ ಹರಿದ ಒಂದು ಹಾಳೆಯು ಪೆಟ್ಟಿಗೆಯ ತಳದಲ್ಲಿರುವುದುಂಟು. ಅದರ ಸರ್ವೆ ನಂಬರಿನ ಒಂದು ಅಂಕಿಯು ಮೂರೋ ಎಂಟೋ ಎಂಬುದರ ಮೇಲೆ ಒಂದು ಸಂಸಾರದ ಅನ್ನವು ನಿಂತಿರಬಹುದು. ಆ ಹಾಳೆಯ ಕುಗ್ಗಿದ ಚಿತ್ರವೊಂದೇ ಉಳಿದು ಹಾಳೆಯನ್ನು ಗೆದ್ದಲು ತಿಂದರೆ, ‘ಕಣ್ಣಿಗೆ ಕಾಣದ ಅಂಶ ಮಾತ್ರ ಹೋಯಿತು’ ಎಂದು ಯಾರು ಸಮಾಧಾನ ಹೇಳಬಲ್ಲರು?

ಹಾಗಾದರೆ ನಿರ್ಣಯವೇನು? ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣಾಧ್ಯಯನಕ್ಕೆ ಐದು ಪ್ರಯೋಜನಗಳನ್ನು ಹೇಳಿದ್ದಾನೆ: ರಕ್ಷೆ, ಊಹ, ಆಗಮ, ಲಘು, ಅಸಂದೇಹ. ಲಾಘವವೂ ಒಂದು ಪ್ರಯೋಜನವೇ. ಆದರೆ ಅದು ಒಂಟಿಯಾಗಿ ನಿಂತಿಲ್ಲ. ಅದರ ಜೊತೆಯಲ್ಲಿಯೇ ರಕ್ಷೆಯೂ ಇದೆ, ಸಂದೇಹವಿಲ್ಲದಿರುವಿಕೆಯೂ ಇದೆ. ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವವರೆಂದು ವೈಯಾಕರಣರನ್ನು ಪರಿಹಾಸ್ಯ ಮಾಡುವುದುಂಟಷ್ಟೆ. ಆದರೆ ಆ ಅರ್ಧ ಮಾತ್ರೆಯನ್ನು ಉಳಿಸಿದ ಪರಂಪರೆಯೇ ವೇದದ ವಿಷಯದಲ್ಲಿ ಮಾಡಿದುದೇನು? ಸಂಕೋಚವಲ್ಲ, ವಿಸ್ತಾರ. ಘನಪಾಠದಲ್ಲಿ ಮೊದಲೆರಡು ಪದಗಳನ್ನು ನೇರವಾಗಿ, ಮತ್ತೆ ತಿರುಗುಮುರುಗಾಗಿ, ಆ ಮೇಲೆ ಮೂರನೆಯದನ್ನು ಸೇರಿಸಿ ನೇರವಾಗಿ, ಹಿಂದುಮುಂದಾಗಿ, ಪುನಃ ನೇರವಾಗಿ ಹೇಳುತ್ತಾರೆ. ಮೂರು ಪದಗಳ ಒಂದು ಘಟ್ಟಕ್ಕೆ ಹದಿಮೂರು ಪದಗಳ ಉಚ್ಚಾರಣೆ! ಒಂದು ಸ್ವರವು ಜಾರಿದರೂ ಉಳಿದವು ಅದನ್ನು ಹಿಡಿದುಕೊಡಲೆಂದು ಈ ಶ್ರಮ. ಸಾಗಿಸಬೇಕಾದುದನ್ನು ಸಂಕ್ಷೇಪಿಸಿದರು, ಕಾಪಾಡಬೇಕಾದುದನ್ನು ವಿಸ್ತರಿಸಿದರು. ಈ ಎರಡು ಕೆಲಸಗಳನ್ನೂ ಒಂದೇ ವಸ್ತುವಿನ ಮೇಲೆ ಹೊರಿಸಲಿಲ್ಲ.

ಸಂಕ್ಷೇಪಕ್ಕೆ ಪ್ರಾಮಾಣಿಕವಾದ ಮಾದರಿಯೂ ಆ ಪರಂಪರೆಯಲ್ಲಿಯೇ ಉಂಟು. ಭಟ್ಟೋಜಿ ದೀಕ್ಷಿತನು ಸಿದ್ಧಾಂತಕೌಮುದಿಯನ್ನು ಬರೆದನು. ಅವನ ಶಿಷ್ಯನಾದ ವರದರಾಜನು ಎಳೆಯರಿಗಾಗಿ ಅದನ್ನು ಕಿರಿದು ಮಾಡಿದನು. ಸುಮಾರು ಮೂರನೆಯ ಒಂದು ಪಾಲು ಸೂತ್ರಗಳನ್ನು ಮಾತ್ರ ಆಯ್ದುಕೊಂಡ ಆ ಗ್ರಂಥದ ಹೆಸರು ಲಘುಸಿದ್ಧಾಂತಕೌಮುದಿ. ಕಿರಿದಾದುದೆಂದು ಹೆಸರಿನಲ್ಲಿಯೇ ಹೇಳಿಕೊಂಡಿತು. ದೊಡ್ಡದನ್ನು ಮರೆಸಲಿಲ್ಲ, ಅದರ ಬಾಗಿಲಾಯಿತು. ಪಾಠಶಾಲೆಯ ಬಾಲಕನು ಲಘುವಿನಿಂದ ಆರಂಭಿಸಿದನು. ಆದರೆ ಲಘುವನ್ನು ಓದಿ ಮುಗಿಸಿದೆನೆಂದು ಕೌಮುದಿಯ ಪುಸ್ತಕವನ್ನು ಒಲೆಗೆ ಹಾಕಿದವರು ಯಾರೂ ಇಲ್ಲ.

ಡಿಜಿಟಲ್ ಕಡತಗಳ ವಿಷಯದಲ್ಲಿಯೂ ಧರ್ಮವು ಇಷ್ಟೆ. ಹಂಚುವುದಕ್ಕೆ ಕಿರಿದು ಮಾಡಲಿ. ಆದರೆ ಮೂಲವನ್ನು ಒಂದಕ್ಕಿಂತ ಹೆಚ್ಚು ಕಡೆಯಲ್ಲಿ ಹಾಗೆಯೇ ಇಟ್ಟುಕೊಳ್ಳಲಿ. ಕಿರಿದನ್ನು ಪ್ರತಿಸಲವೂ ಮೂಲದಿಂದಲೇ ತೆಗೆಯಲಿ, ಕಿರಿದರಿಂದ ಇನ್ನೂ ಕಿರಿದನ್ನಲ್ಲ. ಕಳುಹಿಸುವಾಗ ‘ಇದು ಕುಗ್ಗಿಸಿದ ಪ್ರತಿ, ಮೂಲವು ಇಂತಹವರ ಬಳಿಯಲ್ಲಿದೆ’ ಎಂದು ಒಂದು ಮಾತನ್ನು ಬರೆಯಲಿ. ತಾಳೆಗರಿ, ಹಕ್ಕುಪತ್ರ, ಕಲಿಯುವವರಿಗೆ ಬೇಕಾದ ಗಾನ, ಇವುಗಳನ್ನು ನಷ್ಟವಿಲ್ಲದ ಕ್ರಮದಲ್ಲಿಯೇ ಕಳುಹಿಸಲಿ. ವಾಟ್ಸಾಪಿನಲ್ಲಿ ಸಹ ಚಿತ್ರವನ್ನು ಚಿತ್ರವಾಗಿ ಕಳುಹಿಸದೆ ದಸ್ತಾವೇಜಿನ ರೂಪದಲ್ಲಿ ಕಳುಹಿಸಿದರೆ ಅದು ಕುಗ್ಗದೆ ಹೋಗುವುದು. ಇವು ಯಾವುವೂ ದುಸ್ಸಾಧ್ಯವಾದ ನಿಯಮಗಳಲ್ಲ.

“ಎಲ್ಲವನ್ನೂ ಇಟ್ಟುಕೊಳ್ಳಲು ಸ್ಥಳವೆಲ್ಲಿದೆ?” ಎಂದು ಕೇಳಬಹುದು. ಎಲ್ಲವನ್ನೂ ಇಟ್ಟುಕೊಳ್ಳಬೇಕೆಂದು ಯಾರೂ ವಿಧಿಸಿಲ್ಲ. ಒಂದೇ ಊಟದೆಲೆಯ ನಲವತ್ತು ಚಿತ್ರಗಳಿದ್ದರೆ ಮೂವತ್ತೊಂಬತ್ತನ್ನು ನೋಡಿ, ಯೋಚಿಸಿ, ಕೈಯಾರೆ ಬಿಟ್ಟುಬಿಡಬಹುದು. ಅದು ತಿಳಿದು ಮಾಡಿದ ತ್ಯಾಗ. ಒಂದನ್ನೂ ಬಿಡಲಾರದೆ ನಲವತ್ತನ್ನೂ ಸವೆಸಿ ಸವೆಸಿ ಇಟ್ಟುಕೊಳ್ಳುವುದು ತ್ಯಾಗವೂ ಅಲ್ಲ, ರಕ್ಷಣೆಯೂ ಅಲ್ಲ. ಆಯ್ಕೆಮಾಡುವ ಶ್ರಮಕ್ಕೆ ಅಂಜಿದವನು ಯಂತ್ರವು ತನ್ನ ಪರವಾಗಿ ಆಯ್ಕೆಮಾಡಲಿ ಎಂದು ಬಿಡುತ್ತಾನೆ. ಯಂತ್ರಕ್ಕಾದರೋ ಅಜ್ಜಿಯ ಮುಖವೂ ಹಿಂದಿನ ಗೋಡೆಯೂ ಸಮಾನ.

ಈ ವಿವೇಕವು ಮಲೆನಾಡಿನ ಗೃಹಸ್ಥರಿಗೆ ಹೊಸದೇನೂ ಅಲ್ಲ. ಪೇಟೆಗೆ ಹೋಗತಕ್ಕ ಅಡಿಕೆಯನ್ನು ಹಸಿಯಾಗಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ, ಮೂಟೆ ಕಟ್ಟುತ್ತಾರೆ. ಸಿಪ್ಪೆ ಹೋಯಿತು, ನೀರು ಹೋಯಿತು, ತೂಕ ಇಳಿಯಿತು; ಕೊಳ್ಳುವವನಿಗೆ ಬೇಕಾದುದು ಉಳಿಯಿತು. ಅದನ್ನು ಯಾರೂ ಮೋಸವೆನ್ನರು. ಆದರೆ ಬಿತ್ತನೆಗೆಂದು ಆರಿಸಿದ ಮರದ ಗೊನೆಯನ್ನು ಹಣ್ಣಾಗುವ ತನಕ ಮುಟ್ಟುವುದಿಲ್ಲ. ಅದರ ಅಡಿಕೆಯನ್ನು ಸುಲಿಯದೆ, ಬೇಯಿಸದೆ, ಸಿಪ್ಪೆಸಹಿತವಾಗಿಯೇ ಮಣ್ಣಿಗೆ ಇಡುತ್ತಾರೆ. ಬೇಯಿಸಿದ ಅಡಿಕೆಯು ಮೊಳೆಯದೆಂಬುದು ತೋಟದ ಮನೆಯ ಮಗುವಿಗೂ ಗೊತ್ತು. ಜಗಲಿಯಲ್ಲಿ ಕುಳಿತ ಹುಡುಗನು ಬಂಧುಗಳಿಗೆ ಚಿತ್ರಗಳನ್ನು ಕುಗ್ಗಿಸಿಯೇ ಕಳುಹಿಸಲಿ. ಅದರಲ್ಲಿ ತಪ್ಪೇನೂ ಇಲ್ಲ. ಮೂಲವನ್ನು ಅಳಿಸುವುದಕ್ಕೆ ಮುಂಚೆ ಮಾತ್ರ, ಬಿತ್ತನೆಗೆ ಏನನ್ನು ಇಟ್ಟುಕೊಂಡೆನೆಂದು ತನ್ನನ್ನು ತಾನು ಒಮ್ಮೆ ಕೇಳಿಕೊಳ್ಳಲಿ.